ಬರಗಾಲದಲ್ಲಿ ಎತೋಷಾ ಸಫಾರಿ, ನಾವೇ ಕಾರು ಓಡಿಸಿಕೊಂಡು: ಹೋಗುವುದೋ ಬೇಡವೋ?

ಅರಸೀಕೆರೆ ಟೀಚರ್
8 ಸೆಪ್ಟೆಂಬರ್ 2024

ಎಲ್ಲರಿಗೂ ನಮಸ್ಕಾರ. ನಾನು ಅರಸೀಕೆರೆಯವಳು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ದಸರಾ ರಜೆಗೆ ನಾನು, ಯಜಮಾನರು, ಹತ್ತು ವರ್ಷದ ಮಗ ಆಫ್ರಿಕಾದ ನಮೀಬಿಯಾಕ್ಕೆ ಹೊರಟಿದ್ದೇವೆ. ನಾದಿನಿಯ ಮನೆ ವಿಂಡ್‌ಹುಕ್‌ನಲ್ಲಿದೆ. ಅಲ್ಲಿಂದ ಬಾಡಿಗೆ ಕಾರು ತೆಗೆದುಕೊಂಡು ಎತೋಷಾ ನ್ಯಾಷನಲ್ ಪಾರ್ಕಿಗೆ ಹೋಗಿ, ನಾಲ್ಕು ದಿನ ನಾವೇ ಓಡಿಸಿಕೊಂಡು ಪ್ರಾಣಿ ನೋಡಬೇಕು ಅಂತ ಆಸೆ. ಎರಡು ವರ್ಷ ದುಡ್ಡು ಕೂಡಿಟ್ಟು ಹೊರಟಿರುವ ಪ್ರಯಾಣ ಇದು.

ಏಪ್ರಿಲ್‌ನಲ್ಲಿ ಟಿಕೆಟ್ ಮಾಡಿಸಿದಾಗ ಅಲ್ಲಿನ ಬರದ ವಿಷಯ ಅಷ್ಟು ತಿಳಿದಿರಲಿಲ್ಲ. ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಬರದ ತುರ್ತು ಪರಿಸ್ಥಿತಿ ಘೋಷಿಸಿತು. ಹೋದ ತಿಂಗಳ ಕೊನೆಗೆ ಇನ್ನೊಂದು ಸುದ್ದಿ ಓದಿದೆ. 723 ಕಾಡುಪ್ರಾಣಿಗಳನ್ನು ಕೊಂದು ಮಾಂಸವನ್ನು ಜನರಿಗೆ ಹಂಚುತ್ತಾರಂತೆ. ಅದರಲ್ಲಿ 83 ಆನೆ, 300 ಜೀಬ್ರಾ. ಅವತ್ತಿನಿಂದ ನನಗೆ ಹೊರಡುವ ಮನಸ್ಸೇ ಇಲ್ಲ.

ಇನ್ನೊಂದು ಕಾರಣವೂ ಇದೆ. ಹೋದ ವರ್ಷ ನಮ್ಮ ಕಡೆ ಬರ ಹೇಗಿತ್ತು ಅಂತ ನಿಮಗೆಲ್ಲ ಗೊತ್ತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಆಗಿತ್ತು. ನಮ್ಮ ತೋಟದಲ್ಲಿ ತೆಂಗಿನ ಗರಿ ಜೋತುಬಿದ್ದಿತ್ತು. ಮೇವಿಲ್ಲದೆ ಮಾವನವರು ಎರಡು ಹಸು ಮಾರಿದರು. ಅವನ್ನು ಟೆಂಪೋಗೆ ಹತ್ತಿಸುವಾಗ ಮಗ ಅಲ್ಲೇ ನಿಂತಿದ್ದ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಅಷ್ಟು ದೂರ ಕರೆದುಕೊಂಡು ಹೋಗಿ ಒಣಗಿ ಸಾಯುತ್ತಿರುವ ಪ್ರಾಣಿಗಳನ್ನು ತೋರಿಸುವುದು ಸರಿಯಾ? ಬರಗಾಲದಲ್ಲಿ ಪ್ರಾಣಿಗಳು ಚೆನ್ನಾಗಿ ಕಾಣುತ್ತವೆ ಅಂತ ಕೆಲವರು ಹೇಳುತ್ತಾರೆ. ಆ ಮಾತು ಕೇಳಿದರೇ ನನಗೆ ಒಂಥರಾ ಆಗುತ್ತದೆ.

ಕಾರು ಓಡಿಸುವ ವಿಷಯವೂ ಗೊತ್ತಿಲ್ಲ. ನಮಗೆ ಗೊತ್ತಿರುವುದು ಮುತ್ತೋಡಿಯ ಸಫಾರಿ ಜೀಪು ಮಾತ್ರ. ಅಲ್ಲಿ ಇಲಾಖೆಯ ಡ್ರೈವರ್ ಇರುತ್ತಾರೆ, ನಾವು ಸುಮ್ನೆ ಕೂತಿರುತ್ತೇವೆ. ಇಲ್ಲಿ ಆನೆ ಎದುರಿಗೆ ಬಂದರೆ ನಾವೇ ನಿಭಾಯಿಸಬೇಕು. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

—

ಹಾಸನ ಟು ಹೈವೇ
8 ಸೆಪ್ಟೆಂಬರ್ 2024

ಮೇಡಂ, ನಾನು 2022ರಲ್ಲಿ ಸ್ನೇಹಿತರ ಜೊತೆ ಎತೋಷಾಕ್ಕೆ ಹೋಗಿದ್ದೆ. ಮೊದಲು ನಿಮ್ಮ ಸುದ್ದಿಗೆ ಒಂದು ವಿವರ ಸೇರಿಸುತ್ತೇನೆ. ಆ 723 ಪ್ರಾಣಿಗಳ ಪಟ್ಟಿ ಐದು ಪಾರ್ಕುಗಳದ್ದು. ನಮಿಬ್ ನೌಕ್ಲುಫ್ಟ್, ಮಂಗೆಟ್ಟಿ, ಬ್ವಾಬ್ವಾಟಾ, ಮುಡುಮು, ನ್ಕಾಸಾ ರುಪಾರಾ. ಎತೋಷಾ ಅದರಲ್ಲಿಲ್ಲ.

ಓಡಿಸುವುದು ಕಷ್ಟ ಇಲ್ಲ. ನಮ್ಮ ಹಾಗೆ ಎಡಗಡೆ ಸಂಚಾರ, ಸ್ಟೀರಿಂಗ್ ಬಲಗಡೆ. ವಿಂಡ್‌ಹುಕ್‌ನಿಂದ ಒಕಾಕುಯೊ ಕ್ಯಾಂಪಿಗೆ ನಾನೂರು ಚಿಲ್ಲರೆ ಕಿಲೋಮೀಟರ್, ಅಲ್ಲಿಯವರೆಗೂ ಟಾರ್ ರಸ್ತೆ. ಪಾರ್ಕಿನ ಒಳಗೆ ಹೆಚ್ಚಾಗಿ ಬಿಳಿ ಜಲ್ಲಿ ರಸ್ತೆ. ಧೂಳು ವಿಪರೀತ. ಅಲ್ಲಿ 60ರ ಮೇಲೆ ಓಡಿಸುವಂತಿಲ್ಲ, ಪ್ರಾಣಿ ನೋಡುವಾಗ 30 ಕೂಡ ಜಾಸ್ತಿ ಅನ್ನಿಸುತ್ತದೆ. ಪಾರ್ಕಿನ ಹೊರಗಿನ ಜಲ್ಲಿ ರಸ್ತೆಗಳಲ್ಲಿ ಮಾತ್ರ ಹುಷಾರು. ಉದ್ದಕ್ಕೆ, ಖಾಲಿಯಾಗಿ ಇರುತ್ತವೆ, ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಪ್ರವಾಸಿಗರ ಕಾರು ಪಲ್ಟಿಯಾಗುವುದು ಅಲ್ಲೇ. ತಿರುವಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಬೇಡಿ.

ಒಳಗೆ ಒಕಾಕುಯೊ, ಹಲಾಲಿ, ನಮುಟೋನಿ ಅಂತ ಮೂರು ಹಳೆಯ ಕ್ಯಾಂಪುಗಳಿವೆ. ಮೂರಕ್ಕೂ ಬೇಲಿ ಇದೆ, ಪಕ್ಕದಲ್ಲೇ ನೀರಿನ ಹೊಂಡ, ರಾತ್ರಿ ಅದಕ್ಕೆ ದೀಪ. ಗೇಟು ತೆರೆಯುವುದು ಸೂರ್ಯ ಹುಟ್ಟಿದಾಗ, ಮುಚ್ಚುವುದು ಸೂರ್ಯ ಮುಳುಗಿದಾಗ. ಬೇಲಿ ಹಾಕಿದ ಜಾಗ ಬಿಟ್ಟರೆ ಬೇರೆ ಎಲ್ಲೂ ಕಾರಿನಿಂದ ಇಳಿಯುವಂತಿಲ್ಲ. ಮಗನಿಗೆ ಇದನ್ನು ಈಗಿನಿಂದಲೇ ಹೇಳಿ. ಒಂದಕ್ಕೆ ಬಂತು ಅಂದರೂ ಇಳಿಯುವ ಹಾಗಿಲ್ಲ.

ನಮಗೆ ಆದ ತೊಂದರೆ ಒಂದು ಹೇಳುತ್ತೇನೆ. ಬಾಡಿಗೆ ಕಾರು ಕೊಟ್ಟವರು ಎರಡು ಸ್ಟೆಪ್ನಿ ಇದೆ ಅಂದರು. ಇತ್ತು ನಿಜ. ಹಲಾಲಿ ಹತ್ತಿರ ಪಂಕ್ಚರ್ ಆದಾಗ ನೋಡಿದರೆ ಒಂದರಲ್ಲಿ ಗಾಳಿಯೇ ಇಲ್ಲ, ಇನ್ನೊಂದಕ್ಕೆ ಜಾಕಿ ಹೊಂದುತ್ತಿಲ್ಲ. ಮಧ್ಯಾಹ್ನ ಎರಡು ಗಂಟೆ ಬಿಸಿಲು. ಹಿಂದೆ ಬಂದ ಜರ್ಮನ್ ದಂಪತಿಗಳು ಜಾಕಿ ಕೊಟ್ಟು, ನಾವು ಟೈರ್ ಬದಲಿಸುವವರೆಗೂ ಬೈನಾಕ್ಯುಲರ್ ಹಿಡಿದು ಸುತ್ತ ಸಿಂಹ ಬರುತ್ತದಾ ಅಂತ ಕಾಯ್ದರು. ಕಾರು ತೆಗೆದುಕೊಳ್ಳುವಾಗಲೇ ಡಿಕ್ಕಿ ತೆಗೆಸಿ ಎಲ್ಲ ನೋಡಿ.

ಟಿಕೆಟ್ ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಇದ್ದರೆ ಹಳದಿ ಜ್ವರದ ಲಸಿಕೆಯ ನಿಯಮ ವಿಚಾರಿಸಿ. ಆ ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆ ಮಾತ್ರ ಕಾರ್ಡು ಲೆಕ್ಕಕ್ಕೆ ಬರುತ್ತದೆ.

ಬರದ ವಿಷಯ ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ಬೀರೂರಿನ ಕಂಪೌಂಡರ್ ಸರ್ ನೋಡಿದರೆ ಬರೆಯುತ್ತಾರೆ.

—

ಬೀರೂರು ಕಂಪೌಂಡರ್
9 ಸೆಪ್ಟೆಂಬರ್ 2024

ಮೇಡಂ, ನಿಮ್ಮ ಬರಹ ರಾತ್ರಿ ಓದಿದೆ. ಆ ಟೆಂಪೋ ಮಾತು ಓದಿ ನಿದ್ದೆ ಹತ್ತಲಿಲ್ಲ. ಅದಕ್ಕೇ ಬೆಳಗ್ಗೆ ಎದ್ದು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಾನು ಕಡೂರು, ಬೀರೂರು, ಅಜ್ಜಂಪುರ ಕಡೆ ಪಶು ಆಸ್ಪತ್ರೆಗಳಲ್ಲಿ 31 ವರ್ಷ ಕೆಲಸ ಮಾಡಿದವನು. 2015ರಲ್ಲಿ ರಿಟೈರ್ ಆದೆ. ಮಗಳು ಅಳಿಯ ಆಗ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿದ್ದರು. 2016ರ ಅಕ್ಟೋಬರ್‌ನಲ್ಲಿ ನಾನೂ ನಮ್ಮ ಮನೆಯವರೂ ಹೋದೆವು. ಅಳಿಯನ ಸಣ್ಣ ಕಾರಿನಲ್ಲೇ ಕ್ರೂಗರ್ ಪಾರ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಮುಖ್ಯ ರಸ್ತೆಗಳೆಲ್ಲ ಟಾರು. ಟಾರಿನ ಮೇಲೆ 50, ಮಣ್ಣು ರಸ್ತೆಯಲ್ಲಿ 40, ಅಷ್ಟೇ ವೇಗ. ನಾಲ್ಕು ರಾತ್ರಿ ಇದ್ದೆವು, ಲೋಯರ್ ಸಾಬಿ ಕ್ಯಾಂಪಿನಲ್ಲಿ ಎರಡು, ಸಟಾರಾ ಕ್ಯಾಂಪಿನಲ್ಲಿ ಎರಡು. ಅದು ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಕೈಕೊಡುವ ಬರದ ಎರಡನೇ ವರ್ಷ. ಊರಲ್ಲೂ ಆ ವರ್ಷ ಬರವೇ.

ಮೊದಲ ದಿನ ಕ್ರೊಕೊಡೈಲ್ ಬ್ರಿಜ್ ಗೇಟಿನಿಂದ ಒಳಗೆ ಹೋದಾಗ ನನಗೆ ಅನ್ನಿಸಿದ್ದು, ಅಯ್ಯೋ ಇದು ನಮ್ಮ ಕಡೂರು ಸೀಮೆಯ ಏಪ್ರಿಲ್ ತಿಂಗಳು ಅಂತ. ನೆಲ ಬೋಳು. ಹುಲ್ಲಿನ ಬುಡವೂ ಇಲ್ಲ. ಕೆಂಪು ಮಣ್ಣು, ಮುಳ್ಳುಗಿಡ. ಹುಲ್ಲು ಇಲ್ಲದೆ ಇದ್ದದ್ದರಿಂದ ಪ್ರಾಣಿಗಳು ದೂರದಿಂದಲೇ ಕಾಣುತ್ತಿದ್ದವು. ಜನ ಹೇಳುವ "ಚೆನ್ನಾಗಿ ಕಾಣುತ್ತವೆ" ಅನ್ನುವುದರ ಅರ್ಥ ಇಷ್ಟೇ. ಮರೆ ಇಲ್ಲ, ನೀರಿನ ಜಾಗ ಕಡಿಮೆ, ಎಲ್ಲವೂ ಅಲ್ಲಿಗೇ ಬರಬೇಕು.

ನೀರಾನೆಗಳನ್ನು ನಾನು ಮೊದಲು ಮೈಸೂರು ಜೂನಲ್ಲಿ ನೋಡಿದ್ದೆ. ಅವು ಹಗಲೆಲ್ಲ ನೀರಲ್ಲಿ ಮುಳುಗಿರಬೇಕು. ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ರಾತ್ರಿ ಮೇಲೆ ಬಂದು ಸುಮಾರು 40 ಕಿಲೊ ಹುಲ್ಲು ಮೇಯುತ್ತವೆ. ಸಾಬಿ ನದಿಯ ದಡದಲ್ಲಿ ಹಗಲು ಹನ್ನೊಂದು ಗಂಟೆಗೆ ಅವು ಬೋಳು ನೆಲದ ಮೇಲೆ ಮೂತಿ ಉಜ್ಜುತ್ತಾ ಓಡಾಡುತ್ತಿದ್ದವು. ನದಿಯಲ್ಲಿ ನೀರಿತ್ತು ಮೇಡಂ. ತೆಳ್ಳಗೆ ಹರಿಯುತ್ತಲೇ ಇತ್ತು. ಹಸಿವು ತಡೆಯದೆ ಬಿಸಿಲಿಗೆ ಬಂದಿದ್ದವು. ಅಷ್ಟು ದಪ್ಪ ಪ್ರಾಣಿಯ ಕತ್ತಿನ ಹತ್ತಿರ ಚರ್ಮ ಮಡಿಕೆ ಮಡಿಕೆಯಾಗಿ ಜೋತುಬಿದ್ದದ್ದು ಕಂಡೆ.

ಅವತ್ತೇ ನನಗೆ ಒಂದು ವಿಷಯ ಗಟ್ಟಿಯಾಯಿತು. ಬರದಲ್ಲಿ ಕಾಡುಪ್ರಾಣಿ ಬಾಯಾರಿಕೆಯಿಂದ ಸಾಯುವುದಕ್ಕಿಂತ ಹಸಿವಿನಿಂದ ಸಾಯುವುದೇ ಜಾಸ್ತಿ. ನಮ್ಮ ದನಗಳೂ ಹಾಗೇ ಅಲ್ವಾ? ತೊಟ್ಟಿ ತುಂಬ ನೀರಿರುತ್ತದೆ, ಮೇವು ಇರುವುದಿಲ್ಲ. ನೀರಿನ ಸುತ್ತ ಮೂರ್ನಾಲ್ಕು ಕಿಲೋಮೀಟರ್ ಹುಲ್ಲೆಲ್ಲ ತಿಂದು ಮುಗಿದಿರುತ್ತದೆ. ಹುಲ್ಲು ಇರುವ ಕಡೆ ನೀರಿಲ್ಲ, ನೀರಿರುವ ಕಡೆ ಹುಲ್ಲಿಲ್ಲ. ದಿನಾ ಹೋಗಿ ಬರುವ ನಡಿಗೆಯಲ್ಲೇ ಮೈ ಕರಗುತ್ತದೆ.

ಎರಡನೇ ದಿನ ಮಧ್ಯಾಹ್ನದ್ದು ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ ಅಂತ ನನಗೆ ಅನ್ನಿಸುತ್ತದೆ. ಲೋಯರ್ ಸಾಬಿಯಿಂದ ಉತ್ತರಕ್ಕೆ ಹೋಗುವ ರಸ್ತೆ. ಬಲಗಡೆ, ಮೂವತ್ತು ಮಾರು ದೂರದಲ್ಲಿ ಒಂದು ಕಾಡೆಮ್ಮೆ ಮಲಗಿತ್ತು. ಅಲ್ಲಿನದು ನಮ್ಮ ಮುತ್ತೋಡಿಯ ಕಾಟಿ ಅಲ್ಲ. ಕಪ್ಪು, ಗಿಡ್ಡ ಕಾಲು, ಗಂಡಿಗೆ ನೆತ್ತಿಯ ಮೇಲೆ ಎರಡು ಕೊಂಬೂ ಕೂಡಿಕೊಂಡಿರುತ್ತವೆ. ಇದು ಹೆಣ್ಣು. ಸೊಂಟದ ಮೂಳೆ ಎರಡೂ ಗೂಟದ ಹಾಗೆ ಎದ್ದಿದ್ದವು. ಪಕ್ಕೆಲುಬು ಕಾರಿನಿಂದಲೇ ಎಣಿಸಿದೆ. ಅದು ಏಳಲು ನೋಡುತ್ತಿತ್ತು. ಹಿಂಗಾಲು ಎತ್ತುತ್ತಿತ್ತು, ಮುಂಗಾಲು ಮಂಡಿಯಲ್ಲೇ ಉಳಿಯುತ್ತಿತ್ತು, ಮತ್ತೆ ಕುಸಿಯುತ್ತಿತ್ತು.

ನಾವು ಇದಕ್ಕೆ ದನ ನೆಲ ಹಿಡಿಯಿತು ಅಂತೀವಿ. 2003ರ ಬರದಲ್ಲಿ ದಿನಕ್ಕೆ ಮೂರು ನಾಲ್ಕು ಕಡೆಯಿಂದ ಕರೆ ಬರುತ್ತಿತ್ತು. ಹೊಟ್ಟೆಯ ಕೆಳಗೆ ಗೋಣಿಚೀಲ ತೂರಿಸಿ, ಎರಡೂ ಕಡೆ ನಾಲ್ಕು ನಾಲ್ಕು ಜನ ಹಿಡಿದು ಎತ್ತಿ ನಿಲ್ಲಿಸುತ್ತಿದ್ದೆವು. ಕ್ಯಾಲ್ಸಿಯಂ ಬಾಟಲಿ, ಗ್ಲೂಕೋಸ್, ಬೆಲ್ಲದ ನೀರು. ಅರ್ಧಕ್ಕರ್ಧ ಎದ್ದು ನಿಲ್ಲುತ್ತಿದ್ದವು. ನಿಂತ ದನ ಗಂಜಲ ಹೊಯ್ದರೆ ಮನೆಯವರ ಮುಖ ನೋಡಬೇಕು ನೀವು.

ನನ್ನ ಕೈ ಕಾರಿನ ಬಾಗಿಲ ಹಿಡಿಗೆ ಹೋಯಿತು. ಗೊತ್ತಿಲ್ಲದೆ ಹೋಯಿತು. ಅಳಿಯ "ಮಾವ" ಅಂತ ಒಂದೇ ಮಾತು ಹೇಳಿ ಲಾಕ್ ಒತ್ತಿದ. ಅವನು ತೋರಿಸಿದ ಕಡೆ ನೋಡಿದರೆ ಮುಳ್ಳಿನ ಪೊದೆಯ ನೆರಳಲ್ಲಿ ಎರಡು ಹೆಣ್ಣು ಸಿಂಹ. ಹೊಟ್ಟೆ ತುಂಬಿ ಉಬ್ಬಿತ್ತು ಅವಕ್ಕೆ. ಬೇರೆ ಎಲ್ಲೋ ತಿಂದಿದ್ದವು. ಇದನ್ನು ಸುಮ್ನೆ ಕಾಯುತ್ತಾ ಮಲಗಿದ್ದವು. ಬರ ಸಿಂಹಕ್ಕೆ ಸುಗ್ಗಿ.

ಏಳು ಕಾರು ನಿಂತಿದ್ದವು. ಒಂದರಲ್ಲಿ ಎಸಿಗಾಗಿ ಎಂಜಿನ್ ಓಡುತ್ತಲೇ ಇತ್ತು. ಇನ್ನೊಂದರಲ್ಲಿದ್ದ ಹುಡುಗ ಎಮ್ಮೆ ಎದ್ದು ನಿಲ್ಲಲಿ ಅಂತ ಬಾಗಿಲು ಬಡಿಯುತ್ತಿದ್ದ, ಫೋಟೊ ಬೇಕಿತ್ತು ಅವನಿಗೆ. ಪ್ರತಿ ಸಲ ಬಡಿದಾಗಲೂ ಅದು ಎದ್ದೇಳಲು ಒದ್ದಾಡುತ್ತಿತ್ತು. ಆ ಒದ್ದಾಟದಲ್ಲಿ ಅದರಲ್ಲಿದ್ದ ಕೊನೆಯ ಶಕ್ತಿ ಹೋಗುತ್ತಿತ್ತು. ನಮ್ಮ ಮನೆಯವರು ಕಿಟಕಿ ಇಳಿಸಿ ಎರಡೂ ಕೈ ಮುಗಿದು ಅವನ ಕಡೆ ನೋಡಿದರು. ಕನ್ನಡದಲ್ಲೇ "ಬೇಡ ಕಣಪ್ಪ" ಅಂದರು. ಅವನಿಗೆ ಭಾಷೆ ತಿಳಿಯಲಿಲ್ಲ, ಕೈ ಮುಗಿದದ್ದು ತಿಳಿಯಿತು. ನಿಲ್ಲಿಸಿದ.

ಸಂಜೆ ಆರಕ್ಕೆ ಕ್ಯಾಂಪಿನ ಗೇಟು ಮುಚ್ಚುತ್ತದೆ. ನಾಲ್ಕೂಮುಕ್ಕಾಲಿಗೆ ನಾವು ಹೊರಡಲೇಬೇಕಾಯಿತು. ಅದಿನ್ನೂ ಬದುಕಿತ್ತು, ಕಿವಿ ಆಡಿಸುತ್ತಿತ್ತು. ಮಾರನೇ ಬೆಳಗ್ಗೆ ಅದೇ ದಾರಿಯಲ್ಲಿ ಬಂದಾಗ ಕತ್ತೆಕಿರುಬಗಳಿದ್ದವು, ಮರದ ತುಂಬ ರಣಹದ್ದು. ರಣಹದ್ದು ನಾನು ನೋಡಿ ಎಷ್ಟೋ ವರ್ಷ ಆಗಿತ್ತು. ನಮ್ಮ ಕಡೆ ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯಿಂದ ಅವು ಸತ್ತವು. 2006ರಲ್ಲಿ ಅದನ್ನು ದನಗಳಿಗೆ ನಿಷೇಧಿಸಿದರು. ಅದಕ್ಕೆ ಮುಂಚೆ ನನ್ನ ಕೈಯಿಂದಲೂ ಎಷ್ಟೋ ದನಗಳಿಗೆ ಆ ಇಂಜೆಕ್ಷನ್ ಹೋಗಿದೆ. ಗೊತ್ತಿರಲಿಲ್ಲ. ಆ ಮರದ ಕೆಳಗೆ ಕಾರು ನಿಲ್ಲಿಸಿಕೊಂಡು ತುಂಬ ಹೊತ್ತು ಕೂತಿದ್ದೆವು.

ಹೋಗಿ ಮೇಡಂ. ನನ್ನ ಮಾತು ಅದೇ. ಆದರೆ ಮಗನಿಗೆ ಇಲ್ಲಿಂದ ಹೊರಡುವ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅವನು ಈಗಾಗಲೇ ಒಂದು ಬರ ನೋಡಿದ್ದಾನೆ. ಮುಚ್ಚಿಟ್ಟರೆ ಅಲ್ಲಿ ಹೆದರುತ್ತಾನೆ. ಎತೋಷಾದಲ್ಲಿ ಕಾಡೆಮ್ಮೆಯೂ ಇಲ್ಲ, ನೀರಾನೆಯೂ ಇಲ್ಲ, ಹಾಗಾಗಿ ನಾನು ಕಂಡದ್ದೇ ನಿಮಗೆ ಕಾಣುವುದಿಲ್ಲ. ಅಲ್ಲಿನ ಒರಿಕ್ಸ್, ಸ್ಪ್ರಿಂಗ್‌ಬಕ್ ಜಿಂಕೆಗಳು ಒಣಭೂಮಿಗೆ ಹೊಂದಿಕೊಂಡವು. ಗಿಡ, ಗೆಡ್ಡೆಯ ತೇವದಲ್ಲೇ ತುಂಬ ದಿನ ತಳ್ಳುತ್ತವೆ. ಜೀಬ್ರಾ, ಆನೆಗೆ ಹಾಗಲ್ಲ, ನೀರು ಬೇಕೇ ಬೇಕು. ಜೀಬ್ರಾಗಳ ಬೆನ್ನು, ಸೊಂಟ ನೋಡಿ. ಬರ ಎಷ್ಟಿದೆ ಅಂತ ಅವು ಹೇಳುತ್ತವೆ.

—

ಅರಸೀಕೆರೆ ಟೀಚರ್
9 ಸೆಪ್ಟೆಂಬರ್ 2024

ಸರ್, ಸ್ಟಾಫ್ ರೂಮಿನಲ್ಲಿ ಕೂತು ಓದಿದೆ. ಕಣ್ಣು ತುಂಬಿ ಬಂತು, ಪಕ್ಕದ ಮೇಡಂ ಏನಾಯ್ತು ಅಂತ ಕೇಳಿದರು. ನಿಮ್ಮ ಮನೆಯವರು ಕೈ ಮುಗಿದದ್ದನ್ನು ಮಗನಿಗೆ ಹೇಳುತ್ತೇನೆ.

ಆನೆಯ ವಿಷಯ ಇನ್ನೂ ಭಯ ಇದೆ. ನೀರಿನ ಹೊಂಡದ ಹತ್ತಿರ ಕಾರು ಎಲ್ಲಿ ನಿಲ್ಲಿಸಬೇಕು? ಯಜಮಾನರಿಗೆ ಮಾತೆತ್ತಿದರೆ ಹಾರ್ನ್ ಹೊಡೆಯುವ ಅಭ್ಯಾಸ ಬೇರೆ.

—

ಆಲೂರು ಕಾಫಿ
9 ಸೆಪ್ಟೆಂಬರ್ 2024

ಅಕ್ಕಾ, ಆನೆ ಜೊತೆ ದಿನಾ ಬದುಕುವವನು ನಾನು, ಅದಕ್ಕೆ ನಾನು ಹೇಳುತ್ತೇನೆ. ಹಾರ್ನ್ ಬೇಡವೇ ಬೇಡ. ಹೆಡ್‌ಲೈಟ್ ಮಿನುಗಿಸುವುದೂ ಬೇಡ. ಆನೆ ಕಂಡ ತಕ್ಷಣ ನಿಲ್ಲಿಸಿ, ಹಿಂದೆ ಹೋಗಲು ದಾರಿ ಇದೆಯಾ ಅಂತ ಮೊದಲು ನೋಡಿ. ಹಿಂದೆ ಇನ್ನೊಂದು ಕಾರು ಅಂಟಿಕೊಂಡು ನಿಂತಿದ್ದರೆ ಅದು ಒಳ್ಳೆಯ ಜಾಗ ಅಲ್ಲ. ಕಿವಿ ಬೀಸುತ್ತಾ ಸೊಪ್ಪು ತಿನ್ನುತ್ತಿದ್ದರೆ ಅದರ ಪಾಡಿಗೆ ಅದಿದೆ. ಕಿವಿ ಅಗಲಿಸಿ, ತಲೆ ಎತ್ತಿ ನಿಮ್ಮ ಕಡೆ ತಿರುಗಿ ನಿಂತರೆ ನಿಧಾನಕ್ಕೆ ಹಿಂದಕ್ಕೆ ಹೋಗಿ. ಗಂಡಾನೆಯ ಕೆನ್ನೆಯಲ್ಲಿ ಮದ ಇಳಿಯುತ್ತಿದ್ದರೆ ಹತ್ತಿರ ಹೋಗುವ ಮಾತೇ ಇಲ್ಲ. ಮರಿ ಒಂದು ಕಡೆ ತಾಯಿ ಒಂದು ಕಡೆ ಇರುವಾಗ ನಡುವೆ ಕಾರು ತರಬೇಡಿ.

ನನಗೆ ಒಂದು ಸಂಕಟ ಇದೆ, ಅದನ್ನೂ ಕೇಳಿಬಿಡುತ್ತೇನೆ. ಕಂಪೌಂಡರ್ ಸರ್ ಬರೆದದ್ದು ಓದಿದೆ. ಅಷ್ಟು ದೊಡ್ಡ ಪಾರ್ಕು, ದುಡ್ಡು ಬರುವ ಪಾರ್ಕು. ಬೋರ್ ಕೊರೆಸಿ ನೀರು ಬಿಡಬಹುದಿತ್ತಲ್ವಾ? ನಮ್ಮ ಬಂಡೀಪುರದಲ್ಲಿ ಸೋಲಾರ್ ಪಂಪ್ ಹಾಕಿ ಕೆರೆ ತುಂಬಿಸುತ್ತಾರೆ, ಟ್ಯಾಂಕರ್‌ನಲ್ಲೂ ಹೊಡೆಯುತ್ತಾರೆ. ಇನ್ನು ಆನೆ ಕೊಂದು ಹಂಚುವುದು ನನ್ನಿಂದ ಅರಗಿಸಿಕೊಳ್ಳಲು ಆಗುತ್ತಿಲ್ಲ. ನಮ್ಮ ತೋಟಕ್ಕೆ ಆನೆ ಬಂದು ಮೂರು ವರ್ಷದ ಅಡಿಕೆ ಸಸಿ ಎಲ್ಲ ಹೋಗಿದೆ. ನಮ್ಮ ಪಕ್ಕದ ಊರಲ್ಲಿ ಕೆಲಸಕ್ಕೆ ಬಂದ ಹೆಂಗಸು ತೀರಿಕೊಂಡಿದ್ದಾರೆ. 2014ರಲ್ಲಿ ಕೋರ್ಟ್ ಆದೇಶದ ಮೇಲೆ ನಮ್ಮ ಆಲೂರು ಭಾಗದಲ್ಲಿ 22 ಆನೆ ಹಿಡಿದರು. ಹಿಡಿಯಿರಿ ಅಂತ ಕೂಗಿದವರಲ್ಲಿ ನಾನೂ ಇದ್ದೆ. ಆದರೂ ಕ್ರಾಲಿಗೆ, ಅಂದರೆ ದಪ್ಪ ಮರದ ದೊಡ್ಡಿಗೆ ಹಾಕಿದ ಮರಿಯಾನೆ ನೋಡಿದ ದಿನ ಅತ್ತಿದ್ದೇನೆ. ಕೊಲ್ಲಿ ಅಂತ ಯಾವತ್ತೂ ಬಾಯಿಗೆ ಬರಲಿಲ್ಲ.

—

ಬೀರೂರು ಕಂಪೌಂಡರ್
10 ಸೆಪ್ಟೆಂಬರ್ 2024

ತಮ್ಮಾ, ನೀವು ಕೇಳಿದ್ದನ್ನೇ ನಾನೂ ಅಳಿಯನಿಗೆ ಕೇಳಿದ್ದೆ. ಸಟಾರಾ ಕ್ಯಾಂಪಿನಲ್ಲಿ ಒಬ್ಬ ಹಿರಿಯ ರೇಂಜರ್ ಜೊತೆ ಮಾತಾಡಿಸಿದ. ಅವರು ಹೇಳಿದ್ದನ್ನು ಆಮೇಲೆ ಓದಿಯೂ ತಿಳಿದುಕೊಂಡೆ.

ಕ್ರೂಗರ್‌ನಲ್ಲಿ ಹಿಂದೆ ಅದನ್ನೇ ಮಾಡಿದ್ದರು. ವರ್ಷಗಟ್ಟಲೆ ಕೊರೆದು 300ಕ್ಕೂ ಹೆಚ್ಚು ಬೋರ್‌ವೆಲ್ ಮಾಡಿದರು, ಗಾಳಿಯಂತ್ರ ಹಾಕಿ ತೊಟ್ಟಿಗೆ ನೀರು ಬಿಟ್ಟರು. ಏನಾಯಿತು ಗೊತ್ತಾ? ಉತ್ತರದ ಒಣ ಭಾಗದಲ್ಲಿ ರೋನ್ ಅಂತ ಒಂದು ದೊಡ್ಡ ಜಾತಿಯ ಜಿಂಕೆ ಇದೆ. ಎತ್ತರದ ಹುಲ್ಲಿನಲ್ಲಿ ಮರಿ ಅಡಗಿಸಿಡುತ್ತದೆ. ನೀರು ಬಂತು ಅಂತ ಅಲ್ಲಿಗೆ ಜೀಬ್ರಾ ಬಂದವು, ವೈಲ್ಡ್‌ಬೀಸ್ಟ್ ಬಂದವು. ಅವುಗಳ ಹಿಂದೆ ಸಿಂಹ ಬಂತು. ಹುಲ್ಲು ಹೋಯಿತು, ಮರೆ ಹೋಯಿತು. 1986ರಲ್ಲಿ ಸುಮಾರು 450 ಇದ್ದ ರೋನ್ 1993ಕ್ಕೆ 45ರ ಆಸುಪಾಸಿಗೆ ಇಳಿದವು. ಆ ಮೇಲೆ ಅರ್ಧಕ್ಕಿಂತ ಜಾಸ್ತಿ ಬೋರ್ ಮುಚ್ಚಿದರು. ನೀರಿಲ್ಲದ ಕಡೆ ಹುಲ್ಲು ಉಳಿಯುತ್ತದೆ. ಕೆಟ್ಟ ವರ್ಷಕ್ಕೆ ಅದೇ ಮೇವಿನ ಬಣವೆ.

ಇದು ನನಗೆ ತಕ್ಷಣ ಅರ್ಥ ಆಯಿತು, ಏಕೆಂದರೆ ನಾನು ಅಜ್ಜಂಪುರದಲ್ಲಿ ಇದ್ದವನು. ಅಮೃತ ಮಹಲ್ ತಳಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳಾದ ಕಾವಲುಗಳನ್ನು ಹಳಬರು ಹೇಗೆ ಇಟ್ಟಿದ್ದರು? ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆ ಕಾವಲಿನ ಹುಲ್ಲನ್ನು ಮಳೆಗಾಲದಲ್ಲಿ ಮುಟ್ಟಿಸುತ್ತಿರಲಿಲ್ಲ. ದನ ಕಾವಲಿನಿಂದ ಕಾವಲಿಗೆ ನಡೆಯುತ್ತಿದ್ದವು. ಆಫ್ರಿಕಾದ ಪ್ರಾಣಿಗಳೂ ಹಾಗೆ ನಡೆಯುತ್ತಿದ್ದವು. ಈಗ ಬೇಲಿ ಇದೆ. ಎತೋಷಾಕ್ಕೆ ಸುತ್ತಲೂ ಇದೆ, ಕ್ರೂಗರ್‌ನ ಪಶ್ಚಿಮಕ್ಕೆ 1960ರ ದಶಕದಲ್ಲೇ ಹಾಕಿದರು. ದನದ ಕಾಯಿಲೆ ತಡೆಯಬೇಕಿತ್ತು, ಊರಿನವರ ಬೆಳೆ ಉಳಿಯಬೇಕಿತ್ತು. ಬೇಲಿ ಹಾಕಿದ ಮೇಲೆ ಬರ ಬಂದರೆ ಪ್ರಾಣಿ ಎಲ್ಲಿಗೆ ಹೋಗಬೇಕು? ನನ್ನನ್ನು ಕಾಡುವುದು ಈ ಬೇಲಿ. ನಮ್ಮ ಕಾವಲುಗಳೂ ಎಷ್ಟೋ ಕಡೆ ಚೂರುಚೂರಾಗಿವೆ. ನಿಮ್ಮ ಆಲೂರಿನ ಆನೆಗಳ ಹಳೆಯ ದಾರಿಯ ಮೇಲೆ ಈಗ ಏನೇನು ಇದೆ ಅಂತ ನಿಮಗೇ ಗೊತ್ತು.

ಬಂಡೀಪುರದ ಸೋಲಾರ್ ಪಂಪ್ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಕಾಡಿನ ಅಂಚಿಗೇ ಊರಿದೆ. ನೀರು ಸಿಗದಿದ್ದರೆ ಪ್ರಾಣಿ ಊರಿಗೆ ಬರುತ್ತದೆ. ಎಷ್ಟು ಕಡೆ ಬಿಡಬೇಕು, ಎಲ್ಲಿ ಬಿಡಬಾರದು ಅಂತ ಮೇವು ನೋಡಿ ತೀರ್ಮಾನ ಮಾಡಬೇಕು, ಅಷ್ಟೇ.

ಕೊಲ್ಲುವ ವಿಷಯ. 2016ರ ಸೆಪ್ಟೆಂಬರ್‌ನಲ್ಲಿ ಕ್ರೂಗರ್‌ನವರೂ ಸುಮಾರು 350 ನೀರಾನೆ, ಕಾಡೆಮ್ಮೆಗಳನ್ನು ತೆಗೆಯುತ್ತೇವೆ, ಮಾಂಸ ಪಾರ್ಕಿನ ಸುತ್ತಲ ಬಡವರಿಗೆ ಕೊಡುತ್ತೇವೆ ಅಂದಿದ್ದರು. ನಾನು ಆ ನೆಲ ಹಿಡಿದ ಎಮ್ಮೆ ನೋಡಿದ್ದು ಅದಾದ ಮುಂದಿನ ತಿಂಗಳು. ಅವತ್ತು ರಾತ್ರಿ ನನ್ನ ಮನಸ್ಸು ಎರಡೂ ಕಡೆ ಎಳೆಯಿತು. ಒಂದು ಗುಂಡಿನಲ್ಲಿ ಹೋಗಿದ್ದರೆ ಆ ನಾಲ್ಕು ಗಂಟೆ ನರಳುತ್ತಿರಲಿಲ್ಲ. ಪಾರ್ಕಿನ ಬೇಲಿಯ ಆಚೆ ಹಳ್ಳಿಗಳಲ್ಲಿ ಜೋಳದ ಹೊಲವೂ ಒಣಗಿತ್ತು, ಅಲ್ಲಿಯ ಮಕ್ಕಳಿಗೆ ಊಟ ಆಗುತ್ತಿತ್ತು. ಇನ್ನೊಂದು ಕಡೆ, 1991-92ರ ಬರದಲ್ಲಿ ಕ್ರೂಗರ್‌ನ ಕಾಡೆಮ್ಮೆ ಹೆಚ್ಚು ಕಮ್ಮಿ ಅರ್ಧಕ್ಕೆ ಇಳಿದು, ಮಳೆ ಬಂದ ಮೇಲೆ ತಾವಾಗಿಯೇ ಮತ್ತೆ ತುಂಬಿಕೊಂಡಿದ್ದವು. ಆನೆಯ ವಿಷಯಕ್ಕೆ ನಾನೂ ನಿಮ್ಮ ಜೊತೆಗೇ ಇದ್ದೇನೆ. ಅದು ನಿಧಾನಕ್ಕೆ ಹೆಚ್ಚುವ ಪ್ರಾಣಿ. ಹೊಟ್ಟೆಯಲ್ಲೇ 22 ತಿಂಗಳು ಇರುತ್ತದೆ. ಒಂದು ಮುದಿ ಹೆಣ್ಣಾನೆ ಹೋದರೆ ಅದರ ತಲೆಯಲ್ಲಿದ್ದ ನೀರಿನ ದಾರಿಯೆಲ್ಲ ಹೋಯಿತು. ಹಿಂದಿನ ಬರದಲ್ಲಿ ಎಲ್ಲಿ ನೀರು ಸಿಕ್ಕಿತ್ತು ಅಂತ ಹಿಂಡಿಗೆ ಹೇಳುವವರು ಯಾರು?

ಮೇಡಂ, ನಿಮ್ಮ ಪ್ರಶ್ನೆಗೆ ಬರುತ್ತೇನೆ. ನೀರಿನ ಹೊಂಡದ ಹತ್ತಿರ ಮೊದಲು ನೆಲ ನೋಡಿ. ಪ್ರಾಣಿ ನಡೆದು ನಡೆದು ಸವೆದ ಜಾಡು ಬಿಳಿ ಗೆರೆಯ ಹಾಗೆ ಕಾಣುತ್ತದೆ. ಆ ಜಾಡಿಗೆ ಅಡ್ಡ ಕಾರು ನಿಲ್ಲಿಸಬೇಡಿ. ಬರದಲ್ಲಿ ಅವು ಹತ್ತು ಹದಿನೈದು ಕಿಲೋಮೀಟರ್ ನಡೆದು ಬಂದಿರಬಹುದು. ನಿಮ್ಮ ಕಾರು ನೋಡಿ ಹೆದರಿ ವಾಪಸ್ ಹೋದರೆ ಅಷ್ಟೂ ನಡಿಗೆ ದಂಡ. ಎಂಜಿನ್ ಆಫ್ ಮಾಡಿ. ಸೆಕೆ ಆಗುತ್ತದೆ, ತಡೆದುಕೊಳ್ಳಿ. ಒದ್ದೆ ಟವೆಲ್ ಇಟ್ಟುಕೊಳ್ಳಿ. ಒಂದು ಹೊಂಡದಿಂದ ಇನ್ನೊಂದಕ್ಕೆ ಓಡಬೇಡಿ. ಒಂದೇ ಕಡೆ ಎರಡು ಮೂರು ಗಂಟೆ ಕೂತರೆ ಯಾರ ಸರದಿ ಯಾವಾಗ ಅಂತ ತಿಳಿಯುತ್ತದೆ. ಆನೆ ಬಂದರೆ ಉಳಿದವೆಲ್ಲ ಪಕ್ಕಕ್ಕೆ ಸರಿದು ಕಾಯುತ್ತವೆ. ನಮ್ಮ ಮನೆಯವರು ಅದನ್ನು ನೋಡಿ ನಮ್ಮ ಬೀದಿ ನಲ್ಲಿಯ ಹಾಗೇ ಇದೆ ಅಂದರು.

ತಿಂಡಿ ಹೊರಗೆ ಎಸೆಯಬೇಡಿ, ಪಾಪ ಅಂತ ನೀರಿನ ಬಾಟಲಿ ಸುರಿಯಲೂ ಬೇಡಿ. ಮಗನಿಗೆ ಹಾಗೆ ಮಾಡುವ ಮನಸ್ಸು ಬರುತ್ತದೆ. ನನಗೇ ಬಂದಿತ್ತು. ಒಂದು ಸಲ ಕಾರಿನಿಂದ ಏನಾದರೂ ಸಿಕ್ಕಿದರೆ ಪ್ರಾಣಿ ರಸ್ತೆ ಬಿಡುವುದಿಲ್ಲ.

—

ಅರಸೀಕೆರೆ ಟೀಚರ್
11 ಸೆಪ್ಟೆಂಬರ್ 2024

ರಾತ್ರಿ ಮೂವರೂ ಕೂತು ಎಲ್ಲ ಓದಿದೆವು. ಮಗನಿಗೆ ನಾನೇ ಜೋರಾಗಿ ಓದಿ ಹೇಳಿದೆ, ಎಮ್ಮೆಯ ಭಾಗವನ್ನೂ ಬಿಡಲಿಲ್ಲ. ಸುಮ್ಮನೆ ಕೇಳಿದ. ಆಮೇಲೆ "ನಮ್ಮ ಗೌರಿ ಹಸುವಿಗೂ ಸೊಂಟದ ಮೂಳೆ ಕಾಣುತ್ತಿತ್ತಾ" ಅಂತ ಕೇಳಿದ. ಕಾಣುತ್ತಿತ್ತು ಅಂದೆ. ಹೋಗೋಣ ಅಂದ.

ಹಾಗಾಗಿ ಹೊರಡುತ್ತಿದ್ದೇವೆ. ಹಸಿರು ಬಣ್ಣದ ನೋಟ್‌ಬುಕ್ ಒಂದು ತಂದಿದ್ದಾನೆ. ದಿನಾ ಹತ್ತು ಜೀಬ್ರಾ ನೋಡಿ, ಯಾವುದಕ್ಕೆ ಪಕ್ಕೆಲುಬು ಕಾಣುತ್ತದೆ ಅಂತ ಬರೆಯುತ್ತಾನಂತೆ. ಯಜಮಾನರು ಈ ತಿಂಗಳು ಪೂರ್ತಿ ಹಾರ್ನ್ ಇಲ್ಲದೆ ಓಡಿಸುತ್ತೇನೆ ಅಂತ ಮಾತು ಕೊಟ್ಟಿದ್ದಾರೆ. ಅರಸೀಕೆರೆ ಬಸ್ ಸ್ಟ್ಯಾಂಡ್ ಮುಂದೆ ಅದು ಕಷ್ಟ, ಆದರೂ ಇವತ್ತು ಮಾಡಿದರು.

ಕಂಪೌಂಡರ್ ಸರ್, ಕಡೆಯದಾಗಿ ಒಂದು. ಅವನಿಗೆ ಸಂತೋಷ ಆಗುವಂಥದ್ದು ಏನಾದರೂ ಅಲ್ಲಿ ನೋಡುವುದು ಇದೆಯಾ?

—

ಬೀರೂರು ಕಂಪೌಂಡರ್
11 ಸೆಪ್ಟೆಂಬರ್ 2024

ಇದೆ ತಾಯಿ, ಬೇಕಾದಷ್ಟು ಇದೆ. ಸಟಾರಾ ಹತ್ತಿರ ಒಂದು ಒಣ ಹಳ್ಳ. ಮರಳು ಬಿಟ್ಟು ಏನಿಲ್ಲ. ಒಂದು ಹೆಣ್ಣಾನೆ ಬಂದು ಮುಂಗಾಲಲ್ಲಿ ಮರಳು ಕೆದರಿತು. ಆಮೇಲೆ ಸೊಂಡಿಲಲ್ಲಿ ಒಂದೊಂದೇ ಹಿಡಿ ತೆಗೆದು ಪಕ್ಕಕ್ಕೆ ಹಾಕಿತು. ಮುಕ್ಕಾಲು ಗಂಟೆ ಆಯಿತು. ಮೊದಲು ಬಂದ ಕೆಸರು ನೀರನ್ನು ಎಳೆದು ಹೊರಗೆ ಚೆಲ್ಲಿತು. ತಿಳಿ ಬಂದ ಮೇಲೆ ಕುಡಿಯಿತು. ಮರಿಗೆ ಸೊಂಡಿಲು ತಳಕ್ಕೆ ಎಟುಕಲಿಲ್ಲ, ಮೊಣಕಾಲೂರಿ ಕುಡಿಯಿತು. ಅವು ಹೋದ ಮೇಲೆ ಅದೇ ಗುಂಡಿಗೆ ಕಾಡುಹಂದಿ ಬಂತು, ಕೋತಿಗಳು ಬಂದವು, ಕೊನೆಗೆ ಗಿನಿ ಕೋಳಿಗಳ ಸಾಲು. ಬೇಸಿಗೆಯಲ್ಲಿ ವೇದಾವತಿ ಹಳ್ಳದಲ್ಲಿ ನಮ್ಮಜ್ಜಿ ತೋಡುತ್ತಿದ್ದ ಒರತೆಯೇ ನೆನಪಾಯಿತು.

ಒಣ ಹಳ್ಳ ಕಂಡ ಕಡೆ ಸ್ವಲ್ಪ ನಿಲ್ಲಿಸಿ, ಮಗನಿಗೆ ಅಂಥ ಗುಂಡಿ ಹುಡುಕಲು ಹೇಳಿ. ಸಿಕ್ಕಿದರೆ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಲಿ. ಬಂದ ಮೇಲೆ ಇಲ್ಲಿ ಹಾಕಿ, ನಾನು ನೋಡುತ್ತೇನೆ. ಹೊರಡುವ ಹಿಂದಿನ ದಿನ ಸ್ಟೆಪ್ನಿ ಗಾಳಿ ನೋಡಿಸುವುದು ಮರೆಯಬೇಡಿ.